ಎಲ್ಲಾ ನಾರ್ಮಲ್ಲು ಕಣವ್ವ

ಹೋದ ತಿಂಗಳು ಒಂದು ಬೆಳಿಗ್ಗೆ ಗುಂಡ್ಲುಪೇಟೆಯಿಂದ ಫೋನ್ ಬಂತು. ಮಾಡಿದವರು ಹಿಂದೆ ನಮ್ಮ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಸಿಸ್ಟರ್ ಅವರ ಯಜಮಾನರು. ಅವರು ಎಷ್ಟು ಮಾತು ಕಮ್ಮಿಯವರೆಂದರೆ, ನಾನು ಅವರನ್ನು ಕಂಡ ಇಷ್ಟು ವರ್ಷಗಳಲ್ಲಿ ಅವರು ಆಡಿದ್ದನ್ನೆಲ್ಲ ಒಂದು ಔಷಧದ ಚೀಟಿಯ ಹಿಂದೆ ಬರೆದುಬಿಡಬಹುದು. "ಕಾಫಿ ಕುಡಿದ್ಲು. ಲೋಟ ಕೆಳಗಿಟ್ಲು. ಅಷ್ಟೇ ಕಣಪ್ಪ" ಎಂದರು. ಆಮೇಲೆ, "ಬಾ" ಎಂದರು.

ಹೋದೆ. ಮಣ್ಣು ಮುಗಿಸಿಕೊಂಡು ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಂದಾಗ ಗಂಟಲು ಒಣಗಿತ್ತು. ಅಂಗಡಿಯಲ್ಲಿ ಒಂದು ಬಾಟಲಿ ನೀರು ಕೇಳಿದೆ. ಅಂಗಡಿಯವನು ಮೊಬೈಲಿನಿಂದ ತಲೆ ಎತ್ತದೆ, "ಕೂಲಿಂಗಾ, ನಾರ್ಮಲ್ಲಾ?" ಎಂದ. ನನಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು. ಅವನು ಗಾಬರಿಯಾಗಿ ಎರಡೂ ಬಾಟಲಿ ತೆಗೆದು ಮುಂದಿಟ್ಟ.

ಸಿಸ್ಟರ್ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೂ ನಮ್ಮ ಆಸ್ಪತ್ರೆಯ ಸುತ್ತಲ ಹಳ್ಳಿಗಳಲ್ಲಿ ಯಾರಿಗೂ ಗುರುತು ಸಿಗಲಾರದು. ಅವರು ಎಲ್ಲರಿಗೂ 'ಸಿಸ್ಟ್ರವ್ವ'. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಅವರು ಹೆರಿಗೆ ಮಾಡಿಸುವ ನರ್ಸಾಗಿದ್ದರು. ನಾನು ಅಲ್ಲಿ ಲ್ಯಾಬ್ ಟೆಕ್ನಿಷಿಯನ್. ಅದು ನನ್ನ ಮೊದಲನೇ ಪೋಸ್ಟಿಂಗ್. ಸಿಸ್ಟರ್ ಕುಳ್ಳಗೆ, ದಪ್ಪಗೆ, ಸದಾ ಅವಸರದಲ್ಲಿರುವ ಹೆಂಗಸು. ಮಾಂಗಲ್ಯದ ಸರಕ್ಕೆ ಆರೇಳು ಸೇಫ್ಟಿ ಪಿನ್ನು. ಸ್ಕೂಟರ್ ಮೇಲೆ ಗುಂಡ್ಲುಪೇಟೆಯಿಂದ ಬರುವಾಗ ಹೆಲ್ಮೆಟ್ಟಿನ ಮೇಲೆ ಮತ್ತೆ ಒಂದು ಟವೆಲ್ ಸುತ್ತಿಕೊಳ್ಳುತ್ತಿದ್ದರು. ಯಾಕೆ ಸಿಸ್ಟರ್ ಎಂದರೆ, "ಹೆಲ್ಮೆಟ್ ಬಿಸ್ಲಿಗೆ ಕಾಯ್ತದೆ ಕಣಪ್ಪ" ಅನ್ನುತ್ತಿದ್ದರು.

ಅವರ ಹತ್ತಿರ ಇಂಗ್ಲಿಷಿನ ಒಂದೇ ಒಂದು ಪದ ಇತ್ತು. ನರ್ಸಿಂಗ್ ಓದಿದವರಿಗೆ ಬೇಕಾದಷ್ಟು ಇಂಗ್ಲಿಷ್ ಬರುತ್ತಿತ್ತು ನಿಜ, ಆದರೆ ಕೆಲಸಕ್ಕೆ ತೆಗೆಯುತ್ತಿದ್ದುದು ಒಂದನ್ನೇ: ನಾರ್ಮಲ್.

ಬಿ.ಪಿ. ಪಟ್ಟಿ ಬಿಚ್ಚುತ್ತಾ "ನಾರ್ಮಲ್ಲು." ಬಸುರಿ ಹೊಟ್ಟೆಯ ಮೇಲೆ ಕೈಯಿಟ್ಟು "ನಾರ್ಮಲ್ಲು." ಕೂಸು ಮೂರು ದಿನ ಹಸಿರು ಹಸಿರಾಗಿ ಹೇತರೆ "ನಾರ್ಮಲ್ಲು." ಸೊಸೆ ಸಿಡುಕುತ್ತಾಳೆ ಎಂದು ಅತ್ತೆ ಚಾಡಿ ಹೇಳಿದರೆ "ಐದನೇ ತಿಂಗ್ಳಲ್ಲಿ ಅದು ನಾರ್ಮಲ್ಲು," ಅತ್ತೆ ಸಿಡುಕುತ್ತಾಳೆ ಎಂದು ಸೊಸೆ ಹೇಳಿದರೆ "ಅತ್ತೇರಿಗೆ ಅದು ಹನ್ನೆರಡು ತಿಂಗ್ಳೂ ನಾರ್ಮಲ್ಲು." ಮೊದಲು ಗುಂಡ್ಲುಪೇಟೆ ಕಡೆ ಕೆಲಸ ಮಾಡುತ್ತಿದ್ದಾಗ, ಹೂವಿನ ವ್ಯಾಪಾರಕ್ಕೆ ಬಂದಿದ್ದ ಒಬ್ಬ ಮಲಯಾಳಿಯ ಹೆಂಡತಿಗೆ ಜೀಪಿನಲ್ಲೇ ನೋವು ಶುರುವಾಗಿ, ಇವರು ರಸ್ತೆ ಪಕ್ಕದಲ್ಲೇ ಹೆರಿಗೆ ಮಾಡಿಸಿದ್ದರಂತೆ. "ಆವಮ್ಮನಿಗೆ ಕನ್ನಡ ಬರಲ್ಲ, ನಂಗೆ ಮಲಯಾಳ ನೆಟ್ಟಗೆ ಬರಲ್ಲ. 'ಕುಳಪ್ಪಮಿಲ್ಲಾ, ನಾರ್ಮಲ್ ಆಣು', ಏನೂ ತೊಂದ್ರೆ ಇಲ್ಲ ಅಂತ ಅಂದೆ. ಅಳು ನಿಲ್ಲಿಸಿಬುಟ್ಲು. ತಾಳವಾಡಿ ಕಡೆ ತಮಿಳ್ರು ಬಂದ್ರೆ 'ನಾರ್ಮಲ್ದಾಮ್ಮಾ' ಅನ್ನದು. ಮೂರು ಭಾಷೆಗೂ ಒಂದೇ ಮಾತ್ರೆ" ಎಂದು ನಗುತ್ತಿದ್ದರು.

ಹಳ್ಳಿಯವರು ಆ ಪದವನ್ನು ಅವರಿಂದ ಕಲಿತು ತಮಗೆ ಬೇಕಾದಂತೆ ಬಳಸುತ್ತಿದ್ದರು. ಹೆರಿಗೆ ವಾರ್ಡಿನ ಬಾಗಿಲಲ್ಲಿ ಮಗು ಗಂಡೋ ಹೆಣ್ಣೋ ಎನ್ನುವ ಮೊದಲು "ನಾರ್ಮಲ್ಲಾ, ಕುಯ್ದ್ರಾ?" ಎಂದು ಕೇಳುವುದು ಎಲ್ಲ ಊರಲ್ಲೂ ಇದೆ. ನಮ್ಮಲ್ಲಿ ಎಮ್ಮೆ ಕರು ಹಾಕಿದರೂ ಅದೇ ಪ್ರಶ್ನೆ. ಟೈಲರ್ ಹತ್ತಿರ ಲೈನಿಂಗ್ ಇಲ್ಲದ ರವಿಕೆ ನಾರ್ಮಲ್ ರವಿಕೆ. ಬಾಡಿಲ್ಲದ ಊಟ ನಾರ್ಮಲ್ ಊಟ. ಒಬ್ಬ ಮಾವ ತನ್ನ ಅಳಿಯನ ಬಗ್ಗೆ ನನ್ನ ಹತ್ತಿರ, "ಬೆಳಿಗ್ಗೆ ಒತ್ತು ನಾರ್ಮಲ್ಲಾಗೇ ಇರ್ತನೆ ಸಾ, ಸಾಯಂಕಾಲ ಆದ್ರೆ ಮಾತ್ರ ಅವ್ನು ಯಾವ್ ಅಳಿಯನೋ" ಎಂದಿದ್ದ.

ನನಗೆ ಇದೆಲ್ಲ ಸಹಿಸಲಾಗುತ್ತಿರಲಿಲ್ಲ. ನಾನು ನಂಬರಿನ ಮನುಷ್ಯ. ನನ್ನ ಚೀಟಿಯಲ್ಲಿ ಎಷ್ಟರಿಂದ ಎಷ್ಟರವರೆಗೆ ನಾರ್ಮಲ್ ಎಂದು ಅಚ್ಚು ಹಾಕಿರುತ್ತದೆ. ಅದಕ್ಕಿಂತ ಒಂದು ಚುಕ್ಕಿ ಮೇಲಾದರೂ ಕೆಳಗಾದರೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದೆ. ಆ ಕೆಂಪು ಸುತ್ತು ನೋಡಿದ ಜನ ನನ್ನ ಕಿಟಕಿಯಿಂದ ನೇರವಾಗಿ ಸಿಸ್ಟರ್ ಹತ್ತಿರ ಓಡುತ್ತಿದ್ದರು. "ಈ ಲ್ಯಾಬಪ್ಪ ಎಲ್ರಿಗೂ ಕುಂಕುಮ ಇಟ್ಟು ಕಳಿಸ್ತಾನೆ" ಎಂದು ಅವರು ಗೊಣಗುತ್ತಿದ್ದರು. ನನ್ನನ್ನು ಕೊನೆಯವರೆಗೂ ಲ್ಯಾಬಪ್ಪ ಎಂದೇ ಕರೆದರು.

ನಾನು ಸೇರಿದ ಮೊದಲ ವರ್ಷ ಪುಟ್ಟಮಾದಮ್ಮ ಎಂಬ ಮುದುಕಿ ಸಕ್ಕರೆ ಪರೀಕ್ಷೆಗೆ ಬಂದಳು. ಅವಳ ಬೀದಿಯಲ್ಲಿ ಆಗಲೇ ಒಬ್ಬಳಿಗೆ ಶುಗರ್ ಬಂದಿತ್ತು, ಒಬ್ಬಳಿಗೆ ಬಿ.ಪಿ. ಬಂದಿತ್ತು, ಎದುರು ಮನೆಯವಳಿಗೆ ಥೈರಾಯ್ಡ್ ಬಂದಿತ್ತು. ನಮ್ಮ ಡಾಕ್ಟರು ಚೀಟಿ ನೋಡಿ, "ನಾರ್ಮಲ್ ಬಂದಿದೆ ಅಜ್ಜಿ, ಹೋಗಿ" ಎಂದರು. ಅಜ್ಜಿ ಮನೆಗೆ ಹೋಗಿ ಚಾಪೆ ಹಾಸಿ ಮಲಗಿಬಿಟ್ಟಳು. "ನಂಗೆ ನಾರ್ಮಲ್ ಬಂದ್ಬುಡ್ತು ಕಣ್ರವ್ವಾ" ಎಂದು ಅತ್ತಳು. ಮೂರನೇ ದಿನಕ್ಕೆ ಉಮ್ಮತ್ತೂರಿನಿಂದ ಅವಳ ತಮ್ಮನ ಮನೆಯವರು ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂದರು.

ಸುದ್ದಿ ಕೇಳಿ ನಾನು ಹೊಟ್ಟೆ ಹಿಡಿದು ನಕ್ಕೆ. "ಹೋಗಿ ಹೇಳಿ ಬರೋಣ ಸಿಸ್ಟರ್, ಅದು ಕಾಯಿಲೆ ಅಲ್ಲ ಅಂತ" ಎಂದೆ. ಸಿಸ್ಟರ್ ನನ್ನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋದರು. ಮನೆಯ ತುಂಬ ನೆಂಟರು. ಅಜ್ಜಿ ಮಧ್ಯದಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು. ನಾನು ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರ್ ನನ್ನ ಕಾಲು ತುಳಿದರು. ಅಜ್ಜಿಯ ಪಕ್ಕ ಕೂತು ನಾಡಿ ಹಿಡಿದು, ಗಂಭೀರವಾಗಿ, "ಅಜ್ಜಿ, ನಿಂಗೆ ಬಂದಿರದು ಒಳ್ಳೇ ಜಾತಿ ನಾರ್ಮಲ್ಲು. ಎಲ್ರಿಗೂ ಬರಲ್ಲ ಇದು. ಈಗ ಏನು ಮಾಡ್ಬೇಕು ಅಂದ್ರೆ, ಬಂದಿರ ನಾರ್ಮಲ್ಲು ಓಗದಂಗೆ ನೋಡ್ಕಬೇಕು" ಎಂದರು.

"ಓದ್ರೆ?"

"ಓದ್ರೆ ಕಷ್ಟ."

"ಎಂಗವ್ವ ನೋಡ್ಕಳದು?"

"ಸೊಪ್ಪು ತಿನ್ನು. ಬೆಳಿಗ್ಗೆ ಎದ್ದು ತೋಟದ ತಂಕ ನಡಿ. ಎಲೆ ಅಡಿಕೆ ಹೊಗೆಸೊಪ್ಪು ಬುಡು. ಈ ಮಾತ್ರೆ ದಿನಾ ಒಂದು." ಬಿ ಕಾಂಪ್ಲೆಕ್ಸ್ ಮಾತ್ರೆಯ ಒಂದು ಹಾಳೆ ಕೊಟ್ಟರು. ಅಜ್ಜಿ ಎದ್ದು ಕೂತಳು. ಮೂಸಂಬಿಯಲ್ಲಿ ನಮಗೂ ಪಾಲು ಬಂತು.

ಬರುವಾಗ, "ಯಾಕೆ ನನ್ನ ಕಾಲು ತುಳಿದ್ರಿ?" ಎಂದು ಕೇಳಿದೆ. "ಉಮ್ಮತ್ತೂರಿಂದ ಬಸ್ ಚಾರ್ಜ್ ಹಾಕ್ಕೊಂಡು ಜನ ಬಂದವ್ರೆ. ಅವ್ರ ಮುಂದೆ ಮುದುಕಿ ಮರ್ಯಾದೆ ಕಳೀತಿದ್ದಲ್ಲಾ ನೀನು" ಎಂದರು. ಆಮೇಲೆ ಅಜ್ಜಿ ಹೊಗೆಸೊಪ್ಪು ಬಿಟ್ಟದ್ದಂತೂ ನಿಜ.

ಜಿಲ್ಲಾ ಕಚೇರಿಯಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದ ದಿನವನ್ನೂ ಹೇಳಬೇಕು. ಸಿಸ್ಟರ್ ರಿಜಿಸ್ಟರಿನಲ್ಲಿ ಷರಾ ಎಂಬ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೂ ನಾರ್ಮಲ್ ಎಂದು ಬರೆದಿದ್ದರು. ಫ್ರಿಜ್ಜು ನಾರ್ಮಲ್, ಸಿಬ್ಬಂದಿ ನಡವಳಿಕೆ ನಾರ್ಮಲ್, ಕಟ್ಟಡ ನಾರ್ಮಲ್. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ಏನಮ್ಮಾ ಇದು? ಕಟ್ಟಡ ನಾರ್ಮಲ್ ಅಂದ್ರೆ ಏನರ್ಥ?" ಎಂದರು. ಹೊರಗೆ ಜೋರು ಮಳೆ. ಸರಿಯಾಗಿ ಆ ಹೊತ್ತಿಗೆ ಸೂರಿನಿಂದ ಒಂದು ಹನಿ ಅವರ ಫೈಲಿನ ಮೇಲೆ ಬಿತ್ತು. ಇನ್ನೊಂದು ಅವರ ನೆತ್ತಿಯ ಮೇಲೆ. ಸಿಸ್ಟರ್ ಒಂದು ಸ್ಟೀಲ್ ಬೇಸಿನ್ ತಂದು ಅವರ ಪಕ್ಕದಲ್ಲಿಟ್ಟು, "ಮಳೇಲಿ ಹಿಂಗೆ ಸಾರ್. ಬೇಸ್ಗೇಲಿ ಒಂದು ಹನೀನೂ ಬೀಳಲ್ಲ" ಎಂದರು. ಅಧಿಕಾರಿ ಕುರ್ಚಿ ಸರಿಸಿಕೊಂಡು ಸಹಿ ಹಾಕಿದರು. ಮುಂದಿನ ವರ್ಷ ಸೂರು ರಿಪೇರಿಯಾಯಿತು.

ನನಗೂ ಅವರಿಗೂ ನಿಜವಾದ ಜಗಳವಾದದ್ದು ಒಂದೇ ಸಲ. ಚಂದಕವಾಡಿ ಕಡೆಯಿಂದ ತವರಿಗೆ ಬಂದಿದ್ದ ಒಬ್ಬ ಬಸುರಿ, ಏಳನೇ ತಿಂಗಳು, ತಲೆನೋವು ಎಂದು ಬಂದಳು. ಸಿಸ್ಟರ್ ಬಿ.ಪಿ. ನೋಡಿದರು. "ನಾರ್ಮಲ್ಲು ಕಣಮ್ಮಿ" ಎಂದರು. ಹಾಗೆನ್ನುತ್ತಲೇ ಬೆನ್ನ ಹಿಂದೆ ಕೈಯಾಡಿಸಿ ಆಂಬುಲೆನ್ಸ್ ಡ್ರೈವರ್ ಸಿದ್ದರಾಜುಗೆ ಸನ್ನೆ ಮಾಡಿದರು.

"ನಾರ್ಮಲ್ ಅಂದ್ರಿ, ಮತ್ತೆ ಆಂಬುಲೆನ್ಸ್ ಯಾಕೆ ಸಿಸ್ಟ್ರವ್ವ?" ಎಂದಳು ಆ ಹುಡುಗಿ.

"ಟಯರು ಹೊಸದು ಹಾಕ್ಸವ್ರೆ. ಎಂಗೆ ಓಡ್ತದೆ ನೋಡನ ಅಂತ. ಬಾ, ಒಂದ್ ರೌಂಡ್ ಹೋಗ್ಬುಟ್ಟು ಬರನ."

ಡಾಕ್ಟರು ಓಡಿಬಂದು ಇಂಜೆಕ್ಷನ್ ಕೊಟ್ಟರು. ಸಿಸ್ಟರ್ ಅವಳ ಜೊತೆ ಹತ್ತಿ ಚಾಮರಾಜನಗರದ ದೊಡ್ಡ ಆಸ್ಪತ್ರೆವರೆಗೂ ಈರುಳ್ಳಿ ಬೆಲೆಯ ಬಗ್ಗೆ ಮಾತಾಡಿಕೊಂಡೇ ಹೋದರಂತೆ. ಸಂಜೆ ಬಸ್ಸಿನಲ್ಲಿ ವಾಪಸು ಬಂದು ನನ್ನ ಲ್ಯಾಬಿನ ಬೆಂಚಿನ ಮೇಲೆ ಕೂತರು. ಕುಡಿಯಲು ನೀರು ಕೇಳಿದರು.

"ನೂರಾ ಎಪ್ಪತ್ತಿತ್ತು ಕಣಪ್ಪ" ಎಂದರು.

ನಾನು ಸಿಟ್ಟಾದೆ. "ನೂರಾ ಎಪ್ಪತ್ತನ್ನ ನಾರ್ಮಲ್ ಅಂತೀರಲ್ಲ, ಅದು ಸುಳ್ಳಲ್ವಾ? ನೀವೇ ಹೀಗಂದ್ರೆ ನಮ್ಮ ಚೀಟಿಗೆ ಏನು ಬೆಲೆ?"

ಅವರು ನೀರು ಕುಡಿದು, ಬಾಯಿ ಒರೆಸಿಕೊಂಡು, "ನಿಜ ಹೇಳಿದ್ರೆ ಇನ್ನೂರಾಗ್ತಿತ್ತು" ಎಂದರು. ನಾನು ಒಂದು ವಾರ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಹುಡುಗಿಯೂ ಕೂಸೂ ಉಳಿದರು. ಅದರಿಂದ ನನ್ನ ಸಿಟ್ಟೇನೂ ಕಮ್ಮಿಯಾಗಲಿಲ್ಲ.

ನನ್ನ ಮನಸ್ಸು ಬದಲಾದದ್ದು ಮಂಜುಳಾ ಹೆರಿಗೆಯ ನಂತರ. ಮಂಜುಳಾ ನಮ್ಮ ಪಕ್ಕದ ಊರಿನ ಹುಡುಗಿ, ಚೊಚ್ಚಲು. ಹೊರಗೆ ಅವಳ ಅತ್ತೆ ಚಿಕ್ಕತಾಯಮ್ಮ, ಗಂಡ ಮಾದೇಶ. ಬೆಳಿಗ್ಗೆ ಹತ್ತು ಗಂಟೆಗೆ ಸಿಸ್ಟರ್ ಬಾಗಿಲಿಗೆ ಬಂದು, "ನಾರ್ಮಲ್ಲು. ಹೆಣ್ಕೂಸು" ಎಂದರು. ಚಿಕ್ಕತಾಯಮ್ಮ ಒಳಗೆ ಹೋದವಳು ಕೂಸಿನ ಮುಖದ ಬಟ್ಟೆ ಸರಿಸಿ ಕಿರುಚಿಕೊಂಡಳು. ಕೂಸಿಗೆ ಮೇಲ್ದುಟಿ ಸೀಳಿತ್ತು, ಮೂಗಿನವರೆಗೂ.

"ನಾರ್ಮಲ್ ಅಂದಲ್ಲವ್ವಾ! ಇದು ನಾರ್ಮಲ್ಲಾ? ಗ್ರಾಣದ ದಿವ್ಸ ಈಚೆ ಬರಬ್ಯಾಡ ಅಂದೆ, ಇವ್ಳು ಬಂದ್ಳು. ಕೂತ್ಕೊಂಡು ತರಕಾರಿ ಕುಯ್ದ್ಳು. ನಮ್ ಮನೆಗೆ ಇದು ಬ್ಯಾಡ. ತವರಿಗೇ ತಕ್ಕೊಂಡೋಗ್ಲಿ" ಎಂದು ಎದೆ ಬಡಿದುಕೊಂಡಳು. ಮಂಜುಳಾ ಗೋಡೆ ಕಡೆ ತಿರುಗಿ ಮಲಗಿದ್ದಳು. ಮಾದೇಶ ಬಾಗಿಲಲ್ಲೇ ನಿಂತು ಅವ್ವನನ್ನೂ ಹೆಂಡತಿಯನ್ನೂ ನೋಡುತ್ತಿದ್ದ, ಮಗುವನ್ನು ಮಾತ್ರ ನೋಡಲಿಲ್ಲ.

ಸಿಸ್ಟರ್ ಮೊದಲು ಗ್ರಹಣದ ಲೆಕ್ಕ ಚುಕ್ತಾ ಮಾಡಿದರು. "ಆ ದಿವ್ಸ ನನ್ ರಿಜಿಸ್ಟರಲ್ಲಿ ಇನ್ನೂ ಹದಿನಾರು ಬಸುರೀರಿದ್ರು. ಅರ್ಧ ಜನ ಹೊಲದಲ್ಲೇ ಇದ್ರು. ಅವ್ರ ಕೂಸೆಲ್ಲಾ ಎಂಗವೆ ಹೋಗಿ ನೋಡ್ಕೊಂಡು ಬಾ." ಆಮೇಲೆ ಹೊರಗೆ ತಲೆ ಹಾಕಿ ಕೂಗಿದರು. "ಸಿದ್ದರಾಜು! ಲ್ಯಾಬಪ್ಪಾ! ಡಾಕ್ಟ್ರೇ, ನೀವೂ ಒಂಚೂರು ಬನ್ನಿ!"

ಏನೋ ತುರ್ತು ಎಂದು ನಾವು ಮೂವರೂ ಓಡಿದೆವು. ನಮ್ಮನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದರು.

"ನೋಡು ಚಿಕ್ಕತಾಯವ್ವ. ಈ ಸಿದ್ದರಾಜು. ಎಡಗೈ ತೋರ್ಸ್ಲಾ. ಎಣ್ಸು. ಆರು ಬೆರಳು. ಈ ಕೈಲೇ ದಿನಾ ಆಂಬುಲೆನ್ಸ್ ಓಡಿಸ್ತಾನೆ. ಈ ಲ್ಯಾಬಪ್ಪನಿಗೆ ಬಲಗಾಲು ಎಡಗಾಲಿಗಿಂತ ಒಂದು ಸೈಜು ದೊಡ್ದು. ಎರಡು ಜೊತೆ ಚಪ್ಲಿ ತಗೊಂಡು ಎರಡು ಬಿಸಾಕ್ತಾನೆ."

ಅದು ಅವರಿಗೆ ಹೇಗೆ ಗೊತ್ತಾಯಿತೋ ನನಗೆ ಇವತ್ತಿಗೂ ತಿಳಿಯದು. ನಾನು ಯಾರಿಗೂ ಹೇಳಿರಲಿಲ್ಲ.

"ಇವ್ರು ಡಾಕ್ಟ್ರು. ಎಂಬಿಬಿಎಸ್. ಹಲ್ಲಿ ಕಂಡ್ರೆ ಮೇಜಿನ ಮೇಲೆ ಹತ್ತಿ ನಿಂತ್ಕತಾರೆ."

"ಸಿಸ್ಟರ್!" ಎಂದರು ಡಾಕ್ಟರು.

"ಸುಮ್ನಿರಿ ಸಾರ್, ಕೂಸಿನ ವಿಚಾರ. ನನ್ನೇ ನೋಡು, ಕನ್ನಡಕ ತೆಗೀತೀನಿ. ಎಡಗಣ್ಣು ಒಂದ್ ಕಡೆ ನೋಡ್ತದೆ, ಬಲಗಣ್ಣು ಒಂದ್ ಕಡೆ. ನನ್ನ ನೋಡಕ್ಕೆ ಬಂದಾಗ ನಮ್ ಯಜಮಾನ್ರು, ಪಕ್ಕದಲ್ಲಿ ನಿಂತಿದ್ದ ಅವ್ರ ಅಣ್ಣನ್ನ ಒಪ್ಕೊಂಡ್ಳು ಅಂದ್ಕೊಂಡಿದ್ರಂತೆ." ಸಿದ್ದರಾಜು ಕಿಸಕ್ಕನೆ ನಕ್ಕ. ಗೋಡೆ ಕಡೆ ತಿರುಗಿದ್ದ ಮಂಜುಳಾಳ ಭುಜ ಅಲುಗಿತು. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ.

"ಈಗ ನಿನ್ ಸರದಿ ಚಿಕ್ಕತಾಯವ್ವ. ನಿಂದೇನದೆ ಹೇಳು."

ಚಿಕ್ಕತಾಯಮ್ಮ ಬಾಗಿಲಲ್ಲಿದ್ದ ಮಗನ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಸೀರೆಯ ನಿರಿಗೆ ಒಂದು ಗೇಣು ಎತ್ತಿದಳು. ಅವಳ ಬಲಗಾಲಿನ ಎರಡು ಬೆರಳು ಹುಟ್ಟಿನಿಂದಲೇ ಅಂಟಿಕೊಂಡು ಒಂದಾಗಿದ್ದವು. ಕಾಲುಂಗುರದ ಹಳೇ ಗುರುತು ಅದರ ಪಕ್ಕದ ಬೆರಳಿನಲ್ಲಿತ್ತು.

"ಸಂಬಂಧ ನೋಡಕ್ ಬಂದಾಗ ನಮ್ಮವ್ವ ಸೀರೆ ಇಳಿಬುಟ್ಟು ಉಡ್ಸಿದ್ಲು. ಆವತ್ನಿಂದ ಇಳಿಬುಟ್ಟೇ ಉಡ್ತೀನಿ" ಎಂದಳು.

"ಅವ್ವೋ, ನಂಗೇ ಗೊತ್ತಿಲ್ವಲ್ಲವ್ವಾ!" ಎಂದ ಮಾದೇಶ.

"ನಿಮ್ಮಪ್ಪನಿಗೂ ಗೊತ್ತಿರನಿಲ್ಲ. ಸತ್ತೋಗಗಂಟ." ಅಷ್ಟು ಹೇಳಿ ಅವಳು ಅಲ್ಲೇ ನೆಲದ ಮೇಲೆ ಕೂತು ಅಳಲು ಶುರುಮಾಡಿದಳು. ಇಷ್ಟು ಹೊತ್ತು ಅತ್ತ ಅಳುವಲ್ಲ ಅದು. ಸಿಸ್ಟರ್ ಹೋಗಿ ಅವಳ ಪಕ್ಕ ಕೂತರು. "ತುಟಿ ಹೊಲೀತಾರೆ ಕಣವ್ವ. ಮೈಸೂರಲ್ಲಿ ಹೊಲೀತಾರೆ. ನಾಕೈದು ತಿಂಗಳಾಗ್ಲಿ. ಅಲ್ಲೀವರ್ಗೂ ಕೂಸನ್ನ ಉಳಿಸ್ಕಳದು ನಿನ್ ಕೈಲದೆ" ಎಂದು ಕೂಸನ್ನು ತಂದು ಅವಳ ಮಡಿಲಲ್ಲೇ ಇಟ್ಟರು.

ಅದು ಸುಲಭದ ಮಾತಾಗಿರಲಿಲ್ಲ. ಸೀಳುತುಟಿಯ ಕೂಸಿಗೆ ಮೊಲೆ ಚೀಪಲು ಆಗುತ್ತಿರಲಿಲ್ಲ. ಹಾಲು ಹಿಂಡಿ, ಕೂಸನ್ನು ಕೂರಿಸಿದಂತೆ ಹಿಡಿದು, ಒಳಲೆ ಎಂಬ ಮೂತಿಯ ಪುಟ್ಟ ಬಟ್ಟಲಿನಲ್ಲಿ ಹನಿ ಹನಿಯಾಗಿ ಕುಡಿಸಬೇಕಿತ್ತು. ಒಳಲೆ ಹಿಡಿಯುವುದನ್ನು ಚಿಕ್ಕತಾಯಮ್ಮನ ಕಾಲದವರು ಬಲ್ಲರು. ಸಿಸ್ಟರ್ ಅದಕ್ಕೇ ಕೆಲಸವನ್ನು ಅವಳಿಗೆ ವಹಿಸಿದ್ದು. ದಿನಾ ಮನೆಗೆ ಹೋಗುವಾಗ ಸ್ಕೂಟರನ್ನು ಆ ಊರಿಗೆ ತಿರುಗಿಸಿ, ಕೂಸನ್ನು ತೂಗಿ, ಅತ್ತೆಯನ್ನು ಹೊಗಳಿ, ಸೊಸೆಗೆ ಊಟ ಮಾಡಿಸಿ ಹೋಗುತ್ತಿದ್ದರು. ಒಂದು ಸಲ ಕೂಸಿಗೆ ಹಾಲು ನೆತ್ತಿಗೇರಿ ನೀಲಿಗಟ್ಟಿತಂತೆ. ಸಿಸ್ಟರ್ ಬೆನ್ನು ತಟ್ಟಿ ಸರಿಮಾಡಿ ಬಂದರು, ಮರುದಿನ ಡ್ಯೂಟಿಗೆ ಮೊದಲೇ ಮತ್ತೆ ಹೋಗಿ ನೋಡಿದರು.

ಐದನೇ ತಿಂಗಳಲ್ಲಿ ಮೈಸೂರಿನ ಡಾಕ್ಟರು ಹೇಳಿ ಕಳಿಸಿದರು. ತೂಕ ಐದು ಕೆ.ಜಿ. ಇರಬೇಕು, ಹಿಮೋಗ್ಲೋಬಿನ್ ಹತ್ತು ಇರಬೇಕು, ಆಗ ಮಾತ್ರ ಆಪರೇಷನ್. ತೂಕ ಸರಿಯಾಗಿತ್ತು. ಕೂಸಿನ ಹಿಮ್ಮಡಿ ಚುಚ್ಚಿ ನಾನು ರಕ್ತ ನೋಡಿದೆ. ಒಂಬತ್ತು ಪಾಯಿಂಟ್ ಒಂದು.

ಮರುದಿನವೇ ಮೈಸೂರಿಗೆ ಹೋಗಬೇಕಿತ್ತು. ಮಾದೇಶ ಬಾಡಿಗೆ ಕಾರು ಗೊತ್ತುಮಾಡಿದ್ದ. ಚಿಕ್ಕತಾಯಮ್ಮ ಹೊರಗೆ ಬೆಂಚಿನ ಮೇಲೆ ಹೊಸ ಸೀರೆ ಉಟ್ಟು ಕೂತಿದ್ದಳು. ನಾನು ಚೀಟಿ ಹಿಡಿದು ಸಿಸ್ಟರ್ ಹತ್ತಿರ ಹೋದೆ. ಈಗ ಇವರು ನಾರ್ಮಲ್ ಎಂದು ಬರಿ ಅನ್ನುತ್ತಾರೆ, ನಾನು ಆಗುವುದಿಲ್ಲ ಅನ್ನಬೇಕು, ಜಗಳವಾಗುತ್ತದೆ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಅವರು ಚೀಟಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಕೆಂಪು ಸುತ್ತು ಎಲ್ಲಿ?" ಎಂದರು.

ಅದೇ ಮೊದಲ ಸಲ ನಾನು ಅದನ್ನು ಹಾಕಿರಲಿಲ್ಲ. ಹಾಕಲು ಮನಸ್ಸು ಬಂದಿರಲಿಲ್ಲ.

"ಹಾಕಪ್ಪ. ಕೂಸಿಗೆ ಮತ್ತಿನ ಇಂಜೆಕ್ಷನ್ ಕೊಟ್ಟು ಮಲಗಿಸ್ತಾರೆ, ರಕ್ತ ಕಮ್ಮಿ ಇದ್ರೆ ತಡಿಯಲ್ಲ ಅದು. ಅಲ್ಲಿ ಯಾರೂ ನನ್ ಮೊಕ ನೋಡಲ್ಲ, ನಿನ್ ಚೀಟಿ ನೋಡ್ತಾರೆ. ಬಾಯಲ್ಲಿ ಹೇಳೋ ನಾರ್ಮಲ್ ನಂದು. ಚೀಟೀಲಿ ಬರಿಯೋ ನಾರ್ಮಲ್ ನಿಂದು. ಅದನ್ನ ನಾನೂ ಮುಟ್ಟಬಾರ್ದು, ನೀನೂ ಕೆಡಿಸ್ಬಾರ್ದು."

ಹೊರಗೆ ಹೋಗಿ ಚಿಕ್ಕತಾಯಮ್ಮನಿಗೆ, "ಕೂಸು ನಾರ್ಮಲ್ಲಾಗದೆ ಕಣವ್ವ. ಮೈಸೂರು ಡಾಕ್ಟ್ರಿಗೇ ಪುರುಸೊತ್ತಿಲ್ವಂತೆ. ಮುಂದಿನ ತಿಂಗ್ಳು ಬನ್ನಿ ಅಂದವ್ರೆ. ಅಲ್ಲೀಗಂಟ ಈ ಕಬ್ಣದ ಹನಿ ಹಾಕು" ಎಂದರು. ಚಿಕ್ಕತಾಯಮ್ಮ ಮೈಸೂರು ಡಾಕ್ಟರನ್ನು ಬೈದುಕೊಂಡು ಹನಿ ಬಾಟಲಿ ಸೆರಗಿಗೆ ಕಟ್ಟಿಕೊಂಡಳು.

ಮುಂದಿನ ತಿಂಗಳು ಹತ್ತು ಪಾಯಿಂಟ್ ಎರಡು ಬಂತು. ನಾನು ಖಚಿತವಾಗಲಿ ಎಂದು ಎರಡು ಸಲ ನೋಡಿದೆ. ಆಪರೇಷನ್ ಆಯಿತು. ತುಟಿ ಕೂಡಿತು. ಮೂಗಿನ ಕೆಳಗೆ ಒಂದು ಸಣ್ಣ ಗೆರೆ ಉಳಿಯಿತು, ಅಷ್ಟೇ. ಚಿಕ್ಕತಾಯಮ್ಮ ಕೂಸನ್ನು ಎತ್ತಿಕೊಂಡು ಊರಿನ ಎಲ್ಲ ಜಗಲಿಗೂ ಹೋಗಿ ಬಂದಳು. ಈಗ ಅದು ಅಂಗನವಾಡಿಗೆ ಹೋಗುತ್ತದೆ. ಬಾಯಿ ಮುಚ್ಚುವುದೇ ಇಲ್ಲ ಎಂದು ಅಂಗನವಾಡಿಯ ಮೇಡಂ ದೂರು ಹೇಳಿದರೆ, ಅಜ್ಜಿ ಅವರ ಮೇಲೇ ಜಗಳಕ್ಕೆ ಹೋಗುತ್ತಾಳಂತೆ: "ಆ ಬಾಯಿ ಎಷ್ಟು ಕಷ್ಟಪಟ್ಟು ಮಾಡ್ಸಿರದು ಗೊತ್ತಾ ನಿಮ್ಗೆ?"

ಆಪರೇಷನ್ ಆದ ಮರುವರ್ಷ ಸಿಸ್ಟರ್ ರಿಟೈರ್ ಆದರು. ಆರು ತಿಂಗಳಿಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಯಿತು. ಮಾತು ನಿಧಾನವಾಗಿ ಬಂತು, ಕಾಲು ಅರ್ಧ ಬಂತು, ಕೈ ಬರಲಿಲ್ಲ. ಬೇರೆಯವರ ಬಿ.ಪಿ.ಯನ್ನು ಜೀವಮಾನವೆಲ್ಲ ನೋಡಿದವರು ತಮ್ಮದನ್ನು ಎಷ್ಟು ವರ್ಷದಿಂದ ನೋಡಿಕೊಂಡಿರಲಿಲ್ಲವೋ.

ತೀರಿಕೊಳ್ಳುವುದಕ್ಕೆ ಸುಮಾರು ಎರಡು ತಿಂಗಳ ಮುಂಚೆ ಒಂದು ಭಾನುವಾರ ಗುಂಡ್ಲುಪೇಟೆಗೆ ಹೋಗಿದ್ದೆ. ಅದಕ್ಕೂ ಮೊದಲು ಒಂದು ದಿನ ಬಂದು ಅವರ ರಕ್ತ ತೆಗೆದುಕೊಂಡು ಹೋಗಿದ್ದೆನಾದ್ದರಿಂದ ಚೀಟಿ ಜೇಬಿನಲ್ಲಿತ್ತು. ಜೊತೆಗೆ ಬಿ.ಪಿ. ಮಿಷನ್ನೂ ತಂದಿದ್ದೆ. ಸಿಸ್ಟರ್ ಹಜಾರದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಯಜಮಾನರು ಅಡುಗೆಮನೆಯಲ್ಲಿದ್ದರು. ಲಕ್ವ ಹೊಡೆದ ಮೇಲೆ ಅಡುಗೆ ಅವರದೇ.

ಪಟ್ಟಿ ಸುತ್ತಿ ಬಿ.ಪಿ. ನೋಡಿದೆ. ನೋಡಿ ಪಟ್ಟಿ ಬಿಚ್ಚಿದೆ. ನನ್ನ ಬಾಯಲ್ಲಿ ಅದೇ ಪದ ಹೊರಡುತ್ತಿತ್ತು. ಅವರು ಎಡಗೈ ಎತ್ತಿ ನನ್ನನ್ನು ತಡೆದರು.

"ಬ್ಯಾಡ. ನಿಂಗೆ ಸುಳ್ಳು ಹೇಳಕ್ ಬರಲ್ಲ. ಮೊಕ ನೋಡಿದ್ರೆ ತಿಳೀತದೆ. ನಂಬರ್ ಹೇಳು."

ಹೇಳಿದೆ. ಮೇಲಿನದು, ಕೆಳಗಿನದು. ಚೀಟಿಯಲ್ಲಿದ್ದದ್ದನ್ನೂ ಒಂದೊಂದಾಗಿ ಓದಿದೆ. ಮೂತ್ರಪಿಂಡದ ಪರೀಕ್ಷೆಯದೂ ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಪ್ರತಿಯೊಂದಕ್ಕೂ "ಹೂಂ" ಎಂದರು. ಯಾವುದಕ್ಕೆ ಕೆಂಪು ಸುತ್ತಿದೆ ಎಂದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು.

"ಸರಿ. ಅವ್ರಿಗೆ ಹೇಳ್ಬೇಡ" ಎಂದು ಅಡುಗೆಮನೆ ಕಡೆ ತಲೆಯಾಡಿಸಿದರು. "ಅವ್ರಿಗೆ ನಾನೇ ಹೇಳ್ತೀನಿ, ನನ್ ರೀತೀಲಿ."

ಸ್ವಲ್ಪ ಹೊತ್ತಿನ ಮೇಲೆ ಯಜಮಾನರು ತಟ್ಟೆ ತಂದರು. ಮುದ್ದೆ, ಉಪ್ಸಾರು. ನನಗೊಂದು, ಅವರಿಗೊಂದು. ಸಿಸ್ಟರ್ ಎಡಗೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡು ಮುಖ ಸೊಟ್ಟ ಮಾಡಿದರು.

"ಉಪ್ಪೇ ಹಾಕಿಲ್ವಲ್ರೀ."

"ಡಾಕ್ಟ್ರು ಬೇಡ ಅಂದವ್ರೆ" ಎಂದರು ಯಜಮಾನರು.

"ಉಪ್ಪಿಲ್ದೆ ಇದ್ರೆ ಉಪ್ಸಾರು ಅಂತ ಯಾಕೆ ಕರೀಬೇಕು? ಸೊಪ್ಪಿನ ನೀರು ಅನ್ನಿ." ನನ್ನ ಕಡೆ ತಿರುಗಿ, "ಅಲ್ವೇನಪ್ಪಾ?" ಎಂದರು. ನಾನು ಡಾಕ್ಟರ ಮಾತೇ ಸರಿ, ಒಂದು ಚಿಟಿಕೆಯೂ ಬೇಡ ಎಂದು ಎರಡು ನಿಮಿಷ ಬುದ್ಧಿ ಹೇಳಿದೆ. ಅವರು ಬಹಳ ವಿಧೇಯರಾಗಿ ಕೇಳಿಸಿಕೊಂಡರು. "ನೀನ್ ಹೇಳೋದು ಸರಿ ಕಣಪ್ಪ. ಹಂಗೇ ಮಾಡನ" ಎಂದರು. ಆದರೆ ಮುದ್ದೆ ಮುಟ್ಟಲಿಲ್ಲ.

ಬಸ್ಸಿಗೆ ಹೊತ್ತಾಯಿತೆಂದು ನಾನು ಊಟ ಮುಗಿಸಿ ಎದ್ದೆ. ಅವರ ಪಾದ ಮುಟ್ಟಿದೆ. "ನಿಧಾನ ಹೋಗು. ಮಳೆ ಬರಂಗದೆ" ಎಂದರು. ಯಜಮಾನರು ಬಾಗಿಲವರೆಗೆ ಬಂದು ಒಳಗೆ ಹೋದರು. ನಾನು ಅಂಗಳದಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗಿನಿಂದ, ಅರ್ಧ ಮಾತ್ರ ತಿರುಗುವ ಆ ನಾಲಿಗೆಯಲ್ಲಿ, ಆದರೂ ಬೀದಿಗೆ ಕೇಳುವಷ್ಟು ಜೋರಾಗಿ ಸಿಸ್ಟರ್ ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಹೋದ್ನೇನ್ರೀ ಅವ್ನು? ಈಗ ತನ್ನಿ ಉಪ್ಪ."